ಪ್ಯಾರಮೀಸಿಯಂ ನುಂಗುವುದನ್ನೂ ಹೊರಹಾಕುವುದನ್ನೂ ನೋಡುವ ಬಗೆ

ಯೀಸ್ಟ್ ಕಣದಷ್ಟು ದೊಡ್ಡ ವಸ್ತು ಕೋಶಪೊರೆಯ ಯಾವ ಕಾಲುವೆಯಲ್ಲೂ ತೂರದು. ಪೊರೆಯೇ ಅದನ್ನು ಸುತ್ತಿಕೊಂಡು ಚೀಲವಾಗಿ ಒಳಗೆ ಕಳಚಿಕೊಳ್ಳಬೇಕು. ಇದೇ ಫ್ಯಾಗೊಸೈಟೋಸಿಸ್. ಇದನ್ನು ಕಣ್ಣಾರೆ ತೋರಿಸಲು ನಾನು ನೆಚ್ಚಿಕೊಂಡಿರುವುದು ನೀರಿನಲ್ಲಿ ಬಾಳುವ ಒಂದೇ ಕೋಶದ ಜೀವಿ ಪ್ಯಾರಮೀಸಿಯಂ ಮತ್ತು ಕಾಂಗೋ ರೆಡ್ ಎಂಬ ಬಣ್ಣ ಹಚ್ಚಿದ ಯೀಸ್ಟ್. 400 ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕ ಸಾಕು.

10 ಮಿ.ಲೀ. ಬಟ್ಟಿ ಇಳಿಸಿದ ನೀರಿಗೆ 3 ಗ್ರಾಂ ಯೀಸ್ಟ್, 30 ಮಿ.ಗ್ರಾಂ ಕಾಂಗೋ ರೆಡ್ ಹಾಕಿ ಸಣ್ಣ ಉರಿಯಲ್ಲಿ 10 ನಿಮಿಷ ಕುದಿಸುತ್ತೇನೆ. ಆರಿದ ಮೇಲೆ ಮೇಲಿನ ನೀರು ಬಸಿದು ಎರಡು ಮೂರು ಸಲ ತೊಳೆಯಲೇಬೇಕು, ಇಲ್ಲವಾದರೆ ಹಿನ್ನೆಲೆಯೆಲ್ಲ ಕೆಂಪಾಗುತ್ತದೆ. ಈ ಬಣ್ಣ ಕ್ಯಾನ್ಸರ್ ತರಬಲ್ಲ ಬೆಂಜಿಡೀನ್ ಮೂಲದ್ದು, ಕೈಗವಸು ಬಿಡಬೇಡಿ.

ಪ್ಯಾರಮೀಸಿಯಂ ಇರುವ ಹನಿಗೆ ಸೂಜಿಮೊನೆಯಷ್ಟು ಯೀಸ್ಟ್ ಸಾಕು. ಹೆಚ್ಚಾದರೆ ಕೋಶವೇ ಕಾಣದು. 2–3 ನಿಮಿಷ ತಿನ್ನಲು ಬಿಟ್ಟು, ಹತ್ತು ಪಟ್ಟು ಶುದ್ಧ ಕೃಷಿದ್ರವ (ಪ್ಯಾರಮೀಸಿಯಂ ಬೆಳೆಸುವ ದ್ರವ) ಸೇರಿಸಿ ತೆಳುವಾಗಿಸುತ್ತೇನೆ. ಈ ಹೆಜ್ಜೆ ತಪ್ಪಿದರೆ ಹೊಸ ಆಹಾರ ರಸದಾನಿಗಳು, ಅಂದರೆ ನುಂಗಿದ ಆಹಾರದ ಚೀಲಗಳು, ಹುಟ್ಟುತ್ತಲೇ ಇರುತ್ತವೆ, ಯಾವುದು ಹಳತು ಯಾವುದು ಹೊಸತು ಎಂದು ತಿಳಿಯುವುದೇ ಇಲ್ಲ.

ನಿಜವಾದ ಸೊಗಸು ಬಣ್ಣದಲ್ಲಿದೆ. ಕಾಂಗೋ ರೆಡ್ ಪಿಎಚ್ 5ಕ್ಕಿಂತ ಮೇಲೆ ಕೆಂಪು, 3ಕ್ಕಿಂತ ಕೆಳಗೆ, ಅಂದರೆ ಆಮ್ಲ ಹೆಚ್ಚಾದಾಗ, ನೀಲಿ. ಕೋಶದ ಗಂಟಲಿನಿಂದ ಕಳಚಿದ ಚೀಲ ಮೊದಲು ಕೆಂಪಗಿರುತ್ತದೆ. ಆಮ್ಲ ತುಂಬಿಸುವ ಸಣ್ಣ ಕೋಶಿಕೆಗಳು (ಪುಟ್ಟ ಪೊರೆಚೀಲಗಳು) ಅದಕ್ಕೆ ಬೆಸೆದುಕೊಂಡಂತೆ ಕುಗ್ಗಿ, ಕೆಲವೇ ನಿಮಿಷಗಳಲ್ಲಿ ನೇರಳೆ-ನೀಲಿಗೆ ತಿರುಗುತ್ತದೆ. ಆಮೇಲೆ ಲೈಸೋಸೋಮ್‌ಗಳು ಕೂಡಿ ಕಿಣ್ವ ಸುರಿಯುತ್ತವೆ. ಪಿಎಚ್ ಏರಿ ಕೆಂಪು ಮರಳುತ್ತದೆ. ಕೊನೆಗೆ ಕೋಶದ ಹಿಂಭಾಗದ ಒಂದು ನಿಗದಿತ ತಾಣದಲ್ಲಿ ಚೀಲದ ಪೊರೆ ಹೊರಪೊರೆಗೆ ಬೆಸೆದು, ಜೀರ್ಣವಾಗದ ಉಳಿಕೆ ಹೊರಬೀಳುತ್ತದೆ. ಇದು ಎಕ್ಸೊಸೈಟೋಸಿಸ್. ಅಲ್ಲಿ ಉಳಿದ ಪೊರೆ ವ್ಯರ್ಥವಾಗುವುದಿಲ್ಲ: ತಟ್ಟೆಯಾಕಾರದ ಕೋಶಿಕೆಗಳಾಗಿ ಗಂಟಲಿಗೆ ಮರಳಿ ಹೊಸ ಚೀಲ ಕಟ್ಟುತ್ತದೆ. ಪೊರೆಯ ಈ ಮರುಬಳಕೆಯನ್ನು ನೋಡಲು ಮಾತ್ರ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

ಓಡಾಟ ತಗ್ಗಿಸಲು ಮೀಥೈಲ್ ಸೆಲ್ಯುಲೋಸ್ ಬಳಸುವುದಾದರೆ ತಿಂದ ಮೇಲೆಯೇ ಹಾಕಿ. ಮೊದಲೇ ಹಾಕಿದರೆ ದಪ್ಪ ದ್ರವದಲ್ಲಿ ಲೋಮಾಂಗಗಳು (ಮೈಮೇಲಿನ ಕೂದಲಿನಂಥ ಎಳೆಗಳು) ಯೀಸ್ಟನ್ನು ಬಾಯಿಗೆ ತಳ್ಳಲಾರವು. ನೀರು ಆವಿಯಾಗಿ ಕವರ್ ಸ್ಲಿಪ್ ಒತ್ತಿದಾಗ ಕೋಶದ ಸುತ್ತ ಸೂಜಿಗಳು ಚಿಮ್ಮಿದರೆ ಅವು ಟ್ರೈಕೊಸಿಸ್ಟ್‌ಗಳು. ಅದೂ ಎಕ್ಸೊಸೈಟೋಸಿಸೇ, ಆದರೆ ಆಹಾರಕ್ಕೆ ಸಂಬಂಧವಿಲ್ಲ. ತಾಳಬದ್ಧವಾಗಿ ಹಿಗ್ಗಿ ಕುಗ್ಗುವ, ಬಣ್ಣವೇ ಇಲ್ಲದ ಗುಳ್ಳೆ ಸಂಕೋಚಕ ರಸದಾನಿ, ಅದು ಮುಖ್ಯವಾಗಿ ನೀರನ್ನು ಹೊರದೂಡುತ್ತದೆ.

ಹೋಲಿಕೆಗೆ ಇನ್ನೊಂದು ಹನಿಯನ್ನು ಯೀಸ್ಟ್ ಹಾಕುವ ಮುನ್ನವೇ ಮಂಜುಗಡ್ಡೆಯ ಮೇಲಿಟ್ಟು ತಣಿಸಿ. ತಂಪಿನಲ್ಲಿ ಚೀಲ ಕಟ್ಟುವುದು ಬಹುತೇಕ ನಿಲ್ಲುತ್ತದೆ. ಅಲ್ಲೂ ಕೆಂಪು ಚುಕ್ಕೆ ಕಂಡರೆ ಅದು ಮೈಗೆ ಅಂಟಿದ ಯೀಸ್ಟ್ ಇರಬಹುದು; ಫೋಕಸ್ ಮೇಲೆ ಕೆಳಗೆ ಮಾಡಿ ಖಚಿತಪಡಿಸಿಕೊಳ್ಳಿ.