'ಟರ್ನ್ ಆಫ್ ಇಟ್' ಯಾಕೆ ತಪ್ಪು: ಫ್ರೇಸಲ್ ವರ್ಬ್ ಜೊತೆ ಸರ್ವನಾಮ ಎಲ್ಲಿ ಕೂರುತ್ತದೆ?

ಕ್ರಿಯಾಪದಕ್ಕೆ ಆಫ್, ಅಪ್‌ನಂಥ ಚಿಕ್ಕ ಪದ ಸೇರಿ ಆಗುವ ಜೋಡಿಯೇ ಫ್ರೇಸಲ್ ವರ್ಬ್. 'ಟರ್ನ್ ಆಫ್ ದ ಲೈಟ್' ಎಂದರೂ ಸರಿ, 'ಟರ್ನ್ ದ ಲೈಟ್ ಆಫ್' ಎಂದರೂ ಸರಿ. ಲೈಟ್ ಜಾಗಕ್ಕೆ ಸರ್ವನಾಮ ಬಂತೋ, ಆಯ್ಕೆ ಮುಗಿಯಿತು: 'ಟರ್ನ್ ಇಟ್ ಆಫ್' ಒಂದೇ ದಾರಿ. ನಮ್ಮ ಬಾಯಿಗೆ 'ಟರ್ನ್ ಆಫ್ ಇಟ್' ಬರುವುದಕ್ಕೆ ಕಾರಣ ಕನ್ನಡದಲ್ಲೇ ಇದೆ. 'ಆಫ್ ಮಾಡು' ನಮಗೆ ಬಿಚ್ಚಲಾಗದ ಗಂಟು, 'ಅದನ್ನು' ಅದರ ಹೊರಗೇ ನಿಲ್ಲುತ್ತದೆ. ಎಷ್ಟೋ ಸಲ 'ಅದನ್ನು' ಹೇಳುವುದೂ ಇಲ್ಲ. ಇಂಗ್ಲಿಷಿನಲ್ಲಿ ಇಟ್ ಬಿಡುವಂತಿಲ್ಲ, ಗಂಟಿನ ನಡುವೆಯೇ ಇಡಬೇಕು.

ಹಾಗೆಂದು ಎಲ್ಲ ಕಡೆ ನಡುವೆ ತುರುಕಿದರೆ ಇನ್ನೊಂದು ತಪ್ಪು. ಎರಡನೆಯ ಪದ ಪ್ರಿಪೊಸಿಷನ್ (ನಾಮಪದಕ್ಕೆ ಮೊದಲು ಬಂದು ಅದನ್ನು ವಾಕ್ಯಕ್ಕೆ ಜೋಡಿಸುವ ಪದ) ಆಗಿದ್ದರೆ ಸರ್ವನಾಮ ಅದರ ನಂತರವೇ ಬರುತ್ತದೆ: 'ಲುಕ್ ಆಫ್ಟರ್ ಹರ್', 'ಲುಕ್ ಫಾರ್ ಇಟ್'. ಯಾವುದು ಯಾವ ಬಗೆ ಎಂದು ಪದದ ಮುಖ ನೋಡಿ ಹೇಳಲಾಗದು. ಬೆಟ್ಟ ಹತ್ತಿ ಓಡಿದರೆ 'ರ‍್ಯಾನ್ ಅಪ್ ಇಟ್'. ಬಿಲ್ ಏರಿಸಿಕೊಂಡರೆ 'ರ‍್ಯಾನ್ ಇಟ್ ಅಪ್'. ಇನ್ನೂ ಅಪಾಯದ ಜೋಡಿ: 'ಸೀ ಥ್ರೂ ಹಿಮ್' ಎಂದರೆ ಅವನ ನಾಟಕ ಅರ್ಥವಾಗುವುದು, 'ಸೀ ಹಿಮ್ ಥ್ರೂ' ಎಂದರೆ ಅವನು ಕಷ್ಟ ದಾಟುವವರೆಗೆ ಜೊತೆಗಿರುವುದು. ಇಲ್ಲಿ ಜಾಗ ತಪ್ಪಿದರೂ ವ್ಯಾಕರಣ ತಪ್ಪುವುದಿಲ್ಲ, ಅರ್ಥವೇ ತಿರುಗಿಬಿಡುತ್ತದೆ. ಕೇಳಿದವರು ತಿದ್ದುವುದೂ ಇಲ್ಲ.

ಆದ್ದರಿಂದ ಹೊಸ ಫ್ರೇಸಲ್ ವರ್ಬ್ ಸಿಕ್ಕಾಗ ಅದನ್ನು ಇಟ್ ಸಮೇತ ಬರೆದುಕೊಳ್ಳಿ. ಕಲಿಯುವವರಿಗೆಂದೇ ಮಾಡಿದ ನಿಘಂಟುಗಳಲ್ಲಿ 'ಸಮ್‌ಥಿಂಗ್' ಎಲ್ಲಿದೆ ನೋಡಿ. 'ಟರ್ನ್ ಸಮ್‌ಥಿಂಗ್ ಆಫ್' ಎಂದಿದ್ದರೆ ನಡುವೆ, 'ಲುಕ್ ಫಾರ್ ಸಮ್‌ಥಿಂಗ್' ಎಂದಿದ್ದರೆ ಕೊನೆಗೆ. ಕೆಲವು ನಿಘಂಟುಗಳು ಎರಡು ತಲೆಯ ಬಾಣ ಹಾಕಿರುತ್ತವೆ: ನಾಮಪದವನ್ನು ಎರಡೂ ಕಡೆ ಇಡಬಹುದು ಎಂಬ ಸೂಚನೆ ಅದು. ಇಟ್, ಹಿಮ್‌ನಂಥ ಸರ್ವನಾಮಕ್ಕೆ ಆ ಸಲಿಗೆ ಇಲ್ಲ. ('ದಿಸ್ ಒನ್' ಥರದ್ದು ನಾಮಪದದಂತೆ ಎರಡೂ ಕಡೆ ಒಗ್ಗುತ್ತದೆ: 'ಟ್ರೈ ಆನ್ ದಿಸ್ ಒನ್', 'ಟ್ರೈ ದಿಸ್ ಒನ್ ಆನ್'.)

ಕೊನೆಗೆ 'ಫ್ರಮ್ ದ ಫ್ಲೋರ್' ಥರದ ಪ್ರಿಪೊಸಿಷನ್ ಗುಂಪೂ ಇದ್ದರೆ ಸಾಲು ಹೀಗೆ: ಕ್ರಿಯಾಪದ, ಸರ್ವನಾಮ, ಆಫ್-ಅಪ್‌ನಂಥ ಪದ, ಆಮೇಲೆ ಗುಂಪು. 'ಪಿಕ್ ಇಟ್ ಅಪ್ ಫ್ರಮ್ ದ ಫ್ಲೋರ್'. ಅಪ್ ಅನ್ನು ಫ್ಲೋರ್ ಆಚೆಗೆ ತಳ್ಳಬೇಡಿ. ಎರಡು ಸರ್ವನಾಮಗಳಿದ್ದರೂ ಇದೇ ಸಾಲು: 'ಟಾಕ್ ಹಿಮ್ ಔಟ್ ಆಫ್ (of) ಇಟ್' (ಮಾತಾಡಿ ಅವನು ಅದನ್ನು ಕೈಬಿಡುವಂತೆ ಮಾಡು), 'ಡೋಂಟ್ ಟೇಕ್ ಇಟ್ ಔಟ್ ಆನ್ ಮೀ' (ಸಿಟ್ಟನ್ನು ನನ್ನ ಮೇಲೆ ತೀರಿಸಬೇಡ).

'ಪುಟ್ ಅಪ್ ವಿತ್ ಹಿಮ್' ಥರದ್ದರಲ್ಲಿ ಮೂರೂ ಪದ ಅಂಟಿಕೊಂಡೇ ಇರುತ್ತವೆ. ವಿತ್ ಬಿಟ್ಟು 'ಪುಟ್ ಹಿಮ್ ಅಪ್' ಎಂದರೆ ಅವನನ್ನು ಸಹಿಸಿಕೊಂಡಂತಲ್ಲ, ಮನೆಯಲ್ಲಿ ಉಳಿಸಿಕೊಂಡಂತೆ! 'ಲುಕ್ ಫಾರ್ವರ್ಡ್ ಟು' ಕೂಡ ಇದೇ ಜಾತಿ. ಅದರ ಟು ನಂತರ ಇಟ್ ಕೂರುತ್ತದೆ, ಅಂದರೆ ಅದು ಪ್ರಿಪೊಸಿಷನ್. ಹಾಗಾಗಿ 'ಟು ಮೀಟ್ ಯೂ' ಅಲ್ಲ, 'ಟು ಮೀಟಿಂಗ್ ಯೂ'.