ಕ್ಲೀಟ್ ಶೂಗೆ ಕಾಲು ಪಳಗಿಸಿದ್ದು ಹೀಗೆ

ಶೂವಿನ ಅಟ್ಟೆಗೆ ಬೋಲ್ಟಿನಿಂದ ಕೂರಿಸಿದ ಕ್ಲೀಟ್ ಎಂಬ ತುಂಡು ಪೆಡಲಿನ ಕೊಕ್ಕೆಗೆ ಸಿಕ್ಕಿಕೊಂಡು ಕಾಲನ್ನು ಹಿಡಿದಿಡುತ್ತದೆ. ಇಂಥ ಪೆಡಲೇ ಕ್ಲಿಪ್‌ಲೆಸ್. ಇದಕ್ಕೆ ಹೊಸಬರಾದವರು ಬೀಳುವುದು ಹೆಚ್ಚಾಗಿ ಸೈಕಲ್ ಓಡುವಾಗಲ್ಲ, ನಿಲ್ಲುವಾಗ. ಬ್ರೇಕ್ ಹಿಡಿದು ವೇಗ ಪೂರ್ತಿ ಇಳಿದ ಮೇಲೆ ಕಾಲು ಬಿಡಿಸುವುದು ನೆನಪಾಗುತ್ತದೆ. ಅಷ್ಟರಲ್ಲಿ ಸೈಕಲ್ ವಾಲಿರುತ್ತದೆ, ಕಾಲು ಪೆಡಲಿನಲ್ಲೇ ಸಿಕ್ಕಿರುತ್ತದೆ. ಆದ್ದರಿಂದ ನಾನು ರೂಢಿಸಿಕೊಂಡ ಮೊದಲ ಕ್ರಮ ಇದು: ನಿಲ್ಲುವ ಜಾಗಕ್ಕೆ ಮೂವತ್ತು ಮೀಟರ್ ಇರುವಾಗಲೇ ಎಡಗಾಲು ಬಿಡಿಸಿ, ಬ್ರೇಕ್ ಆಮೇಲೆ. ಉಳಿದದ್ದೆಲ್ಲ ಇದಕ್ಕೆ ಪೂರಕ.

ಕಾಲನ್ನು ಕಚ್ಚಿ ಹಿಡಿಯುವ ಪೆಡಲಿಗೆ ‘ಕ್ಲಿಪ್‌ಲೆಸ್’ ಎಂಬ ಹೆಸರು ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಹಿಂದೆ ಪೆಡಲಿಗೆ ಬೆರಳು ತೂರಿಸುವ ಪಂಜರ ಮತ್ತು ಪಟ್ಟಿ ಇರುತ್ತಿತ್ತು. ಆ ಕ್ಲಿಪ್ ಈಗಿಲ್ಲ, ಅದಕ್ಕೆ ಈ ಹೆಸರು. ಹಿಮಜಾರು ಆಟದ ಬೂಟುಗಳಿಗೆ ಬೈಂಡಿಂಗ್ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ ಅದೇ ಉಪಾಯವನ್ನು 1984ರಲ್ಲಿ ಸೈಕಲಿಗೆ ತಂದಿತು. ಮರುವರ್ಷ ಬರ್ನಾರ್ಡ್ ಹಿನೋ ಆ ಪೆಡಲಿನಲ್ಲೇ ಟೂರ್ ಡಿ ಫ್ರಾನ್ಸ್ ಗೆದ್ದರು.

ನಾನು ಬಳಸುವುದು ಶಿಮಾನೋ ಕಂಪನಿಯ ಎಸ್‌ಪಿಡಿ-ಎಸ್‌ಎಲ್ ಪೆಡಲ್, ಅದಕ್ಕೆ ಮೂರು ಬೋಲ್ಟಿನ ರೋಡ್ ಶೂ. ಕ್ಲೀಟ್ ಹಳದಿ ಬಣ್ಣದ್ದು. ಹಳದಿಗೆ 6 ಡಿಗ್ರಿ ಫ್ಲೋಟ್ ಇದೆ, ಅಂದರೆ ಪೆಡಲ್ ಬಿಡದೆಯೇ ಹಿಮ್ಮಡಿ ಅಷ್ಟು ಆಡುತ್ತದೆ. ನೀಲಿಗೆ 2 ಡಿಗ್ರಿ, ಕೆಂಪಿಗೆ ಸೊನ್ನೆ. ಲುಕ್ ಕಂಪನಿಯ ಕಿಯೋ ಪೆಡಲಿನಲ್ಲಿ ಲೆಕ್ಕವೇ ಬೇರೆ: ಕಪ್ಪು ಸೊನ್ನೆ, ಬೂದು 4.5, ಕೆಂಪು 9. ಬಣ್ಣ ನೋಡಿ ಕೊಳ್ಳುವವರು ಇಲ್ಲೇ ಎಡವುತ್ತಾರೆ. ಒಂದರ ಕ್ಲೀಟ್ ಇನ್ನೊಂದರ ಪೆಡಲಿಗೆ ಕೂರುವುದೂ ಇಲ್ಲ. ಹೊಸಬರಿಗೆ ಆಟ ಇರುವ ಕ್ಲೀಟೇ ಬೇಕು, ಮೊಣಕಾಲು ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ. ಗೋಕರ್ಣಕ್ಕೋ ಯಾಣಕ್ಕೋ ಹೋಗಿ ಅಲ್ಲಿ ನಡೆದಾಡುವವರಾದರೆ ರೋಡ್ ಶೂ ಬಿಟ್ಟು ಎರಡು ಬೋಲ್ಟಿನ ಎಸ್‌ಪಿಡಿ ತಗೊಳ್ಳಿ. ಅದರ ಕ್ಲೀಟ್ ಉಕ್ಕಿನದು, ರಬ್ಬರ್ ಅಟ್ಟೆಯ ಒಳಗೆ ಹುದುಗಿರುತ್ತದೆ, ನಡೆಯಲು ತೊಂದರೆಯಿಲ್ಲ.

ಪೆಡಲ್ ಕೂರಿಸುವಾಗ ಎಡಗಡೆಯದಕ್ಕೆ ಉಲ್ಟಾ ಥ್ರೆಡ್ ಎಂಬುದು ನೆನಪಿರಲಿ. ಪಾನಾವನ್ನು ಮೇಲ್ಮುಖವಾಗಿಟ್ಟು ಮುಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಕಡೆ ಬಿಗಿಯುತ್ತದೆ. ಥ್ರೆಡ್ಡಿಗೆ ಗ್ರೀಸ್ ಹಚ್ಚದೆ ಹಾಕಲೇಬೇಡಿ. ಕಾರವಾರದ ಉಪ್ಪುಗಾಳಿಗೆ ಎರಡು ಮಳೆಗಾಲ ಸಿಕ್ಕ ಪೆಡಲನ್ನು ಆಮೇಲೆ ಕ್ರ್ಯಾಂಕಿನಿಂದ, ಅಂದರೆ ಪೆಡಲ್ ಕೂರುವ ತೋಳಿನಿಂದ, ಬಿಡಿಸುವುದು ದೊಡ್ಡ ಕೆಲಸ.

ಕ್ಲೀಟ್ ಎಲ್ಲಿ ಕೂರಬೇಕು ಎಂಬುದಕ್ಕೇ ನಾನು ಹೆಚ್ಚು ಸಮಯ ಕೊಟ್ಟದ್ದು. ಶೂ ಹಾಕಿಕೊಂಡು ಹೆಬ್ಬೆರಳ ಬುಡದ ಗೆಣ್ಣನ್ನು ಹೊರಗಿನಿಂದ ಒತ್ತಿ ಹುಡುಕಿ, ಅಲ್ಲಿಗೆ ಟೇಪ್ ಅಂಟಿಸಿ ಗುರುತು ಮಾಡಿದೆ. ಕಿರುಬೆರಳ ಬುಡಕ್ಕೂ ಹಾಗೇ. ಪೆಡಲಿನ ಅಚ್ಚು ಈ ಎರಡು ಗುರುತುಗಳ ನಡುವೆ ಬರುವಂತೆ ಕ್ಲೀಟ್ ಇಟ್ಟೆ. ಓರೆ ಎಷ್ಟಿರಬೇಕೆಂದು ತಿಳಿಯಲು ಎತ್ತರದ ಮೇಜಿನ ಮೇಲೆ ಕೂತು ಕಾಲು ಇಳಿಬಿಟ್ಟರೆ ಸಾಕು. ಪಾದ ತಾನಾಗಿ ಎತ್ತ ತಿರುಗಿ ನಿಲ್ಲುತ್ತದೋ ಆ ಓರೆಯನ್ನೇ ಕ್ಲೀಟಿಗೂ ಕೊಡಬೇಕು. ಎರಡೂ ಪಾದ ಒಂದೇ ಥರ ಇರುವುದು ಕಡಿಮೆ. ಬೋಲ್ಟಿಗೆ 4 ಮಿ.ಮೀ. ಅಲೆನ್ ಕೀ, ಬಿಗಿ 5ರಿಂದ 6 ನ್ಯೂಟನ್ ಮೀಟರ್. ಒಂದನ್ನೇ ಪೂರ್ತಿ ಬಿಗಿಯದೆ, ಮೂರನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಸಡಿಲವಿದ್ದರೆ ಕಾಲು ತಿರುಗಿಸಿದಾಗ ಶೂ ತಿರುಗುತ್ತದೆ, ಕ್ಲೀಟ್ ಪೆಡಲಿನಲ್ಲೇ ಉಳಿಯುತ್ತದೆ. ಬಿಡಿಸಲಾಗದೆ ಬೀಳುವುದಕ್ಕೆ ಇದೂ ಒಂದು ಕಾರಣ.

ಮೀನಖಂಡ ಅಥವಾ ಹಿಮ್ಮಡಿಯ ಮೇಲಿನ ನರ ಎಳೆದಂತಾದರೆ ಕ್ಲೀಟ್ ತೀರಾ ಮುಂದಿದೆ, ಹಿಂದಕ್ಕೆ ಸರಿಸಿ. ಮೊಣಕಾಲಿನ ಒಳಬದಿಯೋ ಹೊರಬದಿಯೋ ನೋಯುತ್ತಿದ್ದರೆ ಓರೆ ನೋಡಿ. ಮುಂಭಾಗ ನೋಯುತ್ತಿದ್ದರೆ ಮೊದಲು ಸೀಟ್ ತಗ್ಗಿದೆಯೇ ಎಂದು ನೋಡಿ. ಪೆಡಲ್ ಮತ್ತು ಶೂ ಬದಲಾದಾಗ ಸೀಟಿನ ಎತ್ತರವನ್ನೂ ಹೊಸದಾಗಿ ಹೊಂದಿಸಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ, ಒಂದೆರಡು ಮಿ.ಮೀ. ಮಾತ್ರ. ಎರಡು ಸವಾರಿ ಮುಗಿಯುವ ತನಕ ಮತ್ತೆ ಮುಟ್ಟಬಾರದು.

ಪೆಡಲಿನ ಹಿಂಬದಿಯ ಸ್ಪ್ರಿಂಗ್ ಸ್ಕ್ರೂವನ್ನು ಎರಡೂ ಕಡೆ ಪೂರ್ತಿ ಸಡಿಲಕ್ಕೆ ತಂದೆ. ಬಿಗಿ ಹಿಡಿತ ಬೇಕಾಗುವುದು ನಿಂತು ಜೋರಾಗಿ ತುಳಿಯುವವರಿಗೆ, ಹೊಸಬರಿಗಲ್ಲ. ಮುಂದೆ ಬಿಗಿಮಾಡುವುದಾದರೆ ‘ಕಟ್ ಕಟ್’ ಎಣಿಸಿ ಎರಡೂ ಪೆಡಲಿಗೆ ಸಮ ಮಾಡಿ.

ಅಭ್ಯಾಸ ಗೋಡೆ ಪಕ್ಕ ಶುರು. ಒಂದು ಕೈ ಗೋಡೆಗೆ, ಒಂದು ಕಾಲು ನೆಲಕ್ಕೆ. ಕ್ಲೀಟಿನ ಮೂತಿಯನ್ನು ಪೆಡಲಿನ ಮುಂದಿನ ಕೊಕ್ಕೆಗೆ ತೂರಿಸಿ ಹೆಬ್ಬೆರಳ ಬುಡದಿಂದ ಕೆಳಗೆ ಒತ್ತಿದರೆ ‘ಕಟಕ್’ ಅನ್ನುತ್ತದೆ. ಬಿಡಿಸಲು ಹಿಮ್ಮಡಿಯನ್ನು ಹೊರಕ್ಕೆ ತಳ್ಳಬೇಕು. ಎಲ್ಲರೂ ಮೊದಲು ಕಾಲನ್ನು ಮೇಲಕ್ಕೆ ಎಳೆಯುತ್ತಾರೆ. ಮೇಲಕ್ಕೆ ಎಳೆದರೆ ಅದು ಬಿಡುವುದಿಲ್ಲ, ಬಿಡಬಾರದೆಂದೇ ಮಾಡಿದ್ದು. ಪೆಡಲ್ ತೀರಾ ಕೆಳಗಿರುವಾಗ ತಿರುಗಿಸುವುದು ಸುಲಭ. ಒಂದೊಂದು ಕಾಲಿಗೆ ಐವತ್ತು ಸಲ, ಕೆಳಗೆ ನೋಡದೆ. ಆಮೇಲೆ ಹುಲ್ಲಿನ ಮೈದಾನದಲ್ಲಿ, ಹಗುರ ಗೇರಿನಲ್ಲಿ ಹೊರಟು ನಿಲ್ಲುವುದು ಇಪ್ಪತ್ತು ಸಲ. ಕಡಲ ದಂಡೆ ಈ ಅಭ್ಯಾಸಕ್ಕೆ ಆಗದು. ಕ್ಲೀಟಿನಲ್ಲಿ ಹೊಯ್ಗೆ ತುಂಬಿದರೆ ಕೊಕ್ಕೆ ಕೂರುವುದೇ ಇಲ್ಲ.

ರಸ್ತೆಯಲ್ಲಿ ನೆಲಕ್ಕೆ ಬರಬೇಕಾದದ್ದು ಎಡಗಾಲು. ವಾಹನ ಬಲಗಡೆಯಿಂದ ದಾಟುತ್ತದೆ, ಚೈನ್ ಇರುವುದೂ ಬಲಗಡೆ. ಆದರೆ ನಮ್ಮ ಕಡೆ ಒಂದು ಅಪಾಯವಿದೆ. ಮಳೆಗೆ ಕೊರೆದು ಡಾಂಬರಿನ ಅಂಚಿಗಿಂತ ಮಣ್ಣು ಒಂದು ಗೇಣು ಕೆಳಗಿರುತ್ತದೆ. ಅಂಚಿನಲ್ಲಿ ನಿಂತು ಕಾಲು ಇಳಿಸಿದರೆ ನೆಲವೇ ಸಿಗುವುದಿಲ್ಲ. ಹಾಗಾಗಿ ಪಾದ ಡಾಂಬರಿನ ಮೇಲೇ ಬರುವಂತೆ ಅಂಚಿನಿಂದ ಒಂದೂವರೆ ಅಡಿ ಒಳಗೆ ನಿಲ್ಲುತ್ತೇನೆ. ಕೊನೆಯ ಕ್ಷಣ ಹ್ಯಾಂಡಲನ್ನು ಚೂರು ಬಲಕ್ಕೆ ತಿರುಗಿಸಿದರೆ ಸೈಕಲ್ ತಾನಾಗಿ ಎಡಕ್ಕೆ, ಬಿಡಿಸಿದ ಕಾಲಿನ ಕಡೆಗೇ ವಾಲುತ್ತದೆ. ದನ, ನಾಯಿ ಅಡ್ಡ ಬಂದರೆ ಮೊದಲು ಬ್ರೇಕೇ ಹಿಡಿಯಬೇಕು. ಅದಕ್ಕೇ ಪೇಟೆಯ ಒಳಗೆ, ಮೀನು ಮಾರ್ಕೆಟ್ ಸುತ್ತ, ಎಡಗಾಲನ್ನು ಬಿಡಿಸಿಕೊಂಡೇ ತುಳಿಯುತ್ತೇನೆ.

ದೇವಿಮನೆ ಘಟ್ಟದಂಥ ಏರಿನಲ್ಲಿ ನಿಂತು ಮತ್ತೆ ಹೊರಡುವುದು ಕಷ್ಟ. ನಿಲ್ಲುವ ಮೊದಲೇ ಅತಿ ಹಗುರ ಗೇರಿಗೆ ಬರಬೇಕು. ಹೊರಡುವಾಗ ಬಲಗಾಲು ಸಿಕ್ಕಿಸಿ, ಆ ಪೆಡಲನ್ನು ಗಡಿಯಾರದ ಎರಡು ಗಂಟೆಯ ಜಾಗಕ್ಕೆ ತಂದು ಒತ್ತಿ. ಎಡಗಾಲನ್ನು ಕೂಡಲೇ ಸಿಕ್ಕಿಸಲು ಹೆಣಗಬೇಡಿ. ಅಂಗಾಲಿನ ನಡುಭಾಗ ಪೆಡಲ್ ಮೇಲಿಟ್ಟು ನಾಲ್ಕೈದು ಸುತ್ತು ತುಳಿದು, ವೇಗ ಬಂದ ಮೇಲೆ ಸಿಕ್ಕಿಸಿ. ಕೆಳಗೆ ನೋಡುತ್ತ ಪೆಡಲ್ ಹುಡುಕುವಾಗಲೇ ವೇಗ ಸಾಯುತ್ತದೆ.

ಮಳೆಗಾಲದಲ್ಲಿ ಶಿರಸಿ ಕಡೆಯ ಅಂಗಳಗಳಲ್ಲಿ ಹಾವಸೆ, ಇಲ್ಲಿ ಚಿರೇಕಲ್ಲಿನ ಕೆಂಪು ಕೆಸರು. ಹಾವಸೆಯ ಮೇಲೆ ಪ್ಲಾಸ್ಟಿಕ್ ಕ್ಲೀಟ್ ನಿಲ್ಲುವುದೇ ಇಲ್ಲ; ಶೂ ಬಿಚ್ಚಿ ನಡೆಯುವುದು ಮೇಲು. ಕೆಸರು ಒಣಗಿದರೆ ಬೋಲ್ಟಿನ ತಲೆಯೊಳಗೆ ಗಟ್ಟಿ ಕೂರುತ್ತದೆ. ಅದನ್ನು ಪಿನ್ನಿನಿಂದ ಕೆರೆದು ತೆಗೆಯದೆ ಕೀ ಹಾಕಿದರೆ ಮೂಲೆ ಸವೆದು ಬೋಲ್ಟ್ ಕೆಟ್ಟಂತೆ. ಒದ್ದೆ ಸವಾರಿಯ ನಂತರ ಪೆಡಲನ್ನು ನೀರಲ್ಲಿ ತೊಳೆದು, ಒರೆಸಿ, ಸ್ಪ್ರಿಂಗಿಗೆ ಚೈನ್ ಎಣ್ಣೆ ಒಂದು ಹನಿ. ತೆಂಗಿನೆಣ್ಣೆ ಬೇಡ, ಧೂಳು ಹಿಡಿದು ಜಿಗುಟಾಗುತ್ತದೆ. ಶೂ ಒಳಗೆ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ, ಫ್ಯಾನ್ ಕೆಳಗಿಡಿ. ಒಲೆ ಪಕ್ಕ ಇಟ್ಟರೆ ಅಟ್ಟೆಯ ಅಂಟು ಬಿಡುತ್ತದೆ, ಹಾಗೇ ಬಿಟ್ಟರೆ ಎರಡೇ ದಿನಕ್ಕೆ ಬೂಸ್ಟು.

ಕ್ಲೀಟಿನ ಮೂಲೆಯ ಹಳದಿ ಭಾಗ ಸವೆದು ಕಪ್ಪು ಪ್ಲಾಸ್ಟಿಕ್ ನೆಲಕ್ಕೆ ತಾಗತೊಡಗಿದರೆ, ಅಥವಾ ಸಿಕ್ಕಿಸಿದ ಕಾಲು ತುಳಿಯುವಾಗ ಅಲುಗಾಡಿದರೆ, ಹೊಸ ಜೊತೆ ಹಾಕುವ ಹೊತ್ತಾಯಿತು. ಹಳೆಯದನ್ನು ಬಿಚ್ಚುವ ಮೊದಲು ಅದರ ಸುತ್ತ ಅಟ್ಟೆಯ ಮೇಲೆ ಮಾರ್ಕರಿನಿಂದ ಗೆರೆ ಎಳೆದು, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಹೊಸದು ಅದೇ ಗೆರೆಯೊಳಗೆ ಕೂತರೆ ಅಳತೆಯನ್ನು ಮತ್ತೆ ಮೊದಲಿನಿಂದ ಹುಡುಕಬೇಕಾಗಿಲ್ಲ.