ಹಳೇ ಗ್ಯಾರೇಜ್ ಜಾಗದಲ್ಲಿ ಬೆಚ್ಚನೆಯ ಮರದ ಕೋಣೆ

ಇಂಗ್ಲೆಂಡಿನಲ್ಲಿ 1950–60ರ ದಶಕದ ಮನೆ ಕೊಂಡವರಿಗೆ ಹಿತ್ತಲಲ್ಲೊಂದು ಗ್ಯಾರೇಜ್ ಸಿಗುವುದು ಮಾಮೂಲು. ಕಾಂಕ್ರೀಟ್ ಹಲಗೆಗಳಿಗೆ ಬೋಲ್ಟ್ ಹಾಕಿ ನಿಲ್ಲಿಸಿದ ಗೋಡೆ, ಮೇಲೆ ಸಿಮೆಂಟ್ ಶೀಟು. ಈಗಿನ ಕಾರು ಒಳಗೆ ಹೋದರೂ ಬಾಗಿಲು ತೆರೆದು ಇಳಿಯಲು ಜಾಗ ಇರುವುದಿಲ್ಲ. ಕೊನೆಗೆ ಅದು ಸೂಟ್‌ಕೇಸು, ಪೇಂಟ್ ಡಬ್ಬಗಳ ಉಗ್ರಾಣವಾಗುತ್ತದೆ. ಅದನ್ನು ತೆಗೆದು, ಚಳಿಗಾಲದಲ್ಲೂ ಕೂತು ಕೆಲಸ ಮಾಡುವಂಥ ಮರದ ಕೋಣೆ ಕಟ್ಟಬಹುದು. ಆದರೆ ಮರ ತರುವ ಮೊದಲು ಕಾಗದ, ಪೆನ್ನು ಹಿಡಿದು ಕೂರಬೇಕು.

1. ಎತ್ತರದ ಲೆಕ್ಕ

ಸಾಮಾನ್ಯ ಮನೆಯ ಹಿತ್ತಲಲ್ಲಿ ಇಂಥ ಕೋಣೆಗೆ ಇಂಗ್ಲೆಂಡಿನಲ್ಲಿ ಹೆಚ್ಚಾಗಿ ಪ್ಲಾನಿಂಗ್ ಪರ್ಮಿಷನ್ (ಕಟ್ಟಲು ಕೌನ್ಸಿಲ್ ಕೊಡುವ ಅನುಮತಿ) ಬೇಕಿಲ್ಲ. (ಫ್ಲ್ಯಾಟು, ಸಂರಕ್ಷಿತ ಹಳೇ ಕಟ್ಟಡಗಳ ಮಾತು ಬೇರೆ. ಸ್ಕಾಟ್ಲೆಂಡ್, ವೇಲ್ಸ್ ನಿಯಮಗಳೂ ಬೇರೆ.) ಷರತ್ತುಗಳಲ್ಲಿ ನಿಮ್ಮನ್ನು ಕಾಡುವುದು ಒಂದೇ: ಬೇಲಿಯಿಂದ 2 ಮೀಟರ್ ಒಳಗೆ ಕಟ್ಟಿದರೆ ಒಟ್ಟು ಎತ್ತರ 2.5 ಮೀಟರ್ ದಾಟುವಂತಿಲ್ಲ. ಹಳೇ ಗ್ಯಾರೇಜುಗಳು ಬೇಲಿಗೆ ಅಂಟಿಕೊಂಡೇ ಇರುತ್ತವಲ್ವಾ?

2.5 ಮೀಟರ್ ಧಾರಾಳವಾಯಿತು ಅನಿಸುತ್ತದೆ. ಕಳೆಯುತ್ತಾ ಹೋಗಿ. ನೆಲದ ಕಾಂಕ್ರೀಟು ಮಣ್ಣಿಗಿಂತ 50 ಮಿ.ಮೀ. ಮೇಲಿದೆ ಎನ್ನೋಣ. ಅದರ ಮೇಲೆ ಇನ್ಸುಲೇಷನ್ (ಚಳಿ ತಡೆಯುವ ಪದರ), ಹಲಗೆ ಸೇರಿ 100. ಚಾವಣಿಯಲ್ಲಿ 150ರ ತೊಲೆ, ಅದರ ಮೇಲೆ 100 ಇನ್ಸುಲೇಷನ್, ಮೇಲೂ ಕೆಳಗೂ ಹಲಗೆ, ಎಲ್ಲ ಸೇರಿ ಸುಮಾರು 300. ಮಳೆ ನೀರು ಹರಿಯಲು 40ಕ್ಕೆ 1ರಂತೆ ಇಳಿಜಾರು ಕೊಟ್ಟರೆ, 3 ಮೀಟರ್ ಆಳದ ಕೋಣೆಗೆ ಇನ್ನೊಂದು 75. ಒಟ್ಟು 525 ಹೋಯಿತು. ಹಿಂಬದಿಯಲ್ಲಿ ಉಳಿದದ್ದು 2 ಮೀಟರಿಗಿಂತ ಸ್ವಲ್ಪ ಕಡಿಮೆ. ತುಂಬಾ ಎತ್ತರದವರ ತಲೆ ತಾಗಬಹುದು.

ದಾರಿ ಎರಡು. ಇನ್ಸುಲೇಷನ್ನನ್ನು ತೊಲೆಗಳ ಮಧ್ಯೆ ತುರುಕಿದರೆ ಕನಿಷ್ಠ 100 ಮಿ.ಮೀ. ಉಳಿಯುತ್ತದೆ. ಆದರೆ ಅದರ ಮೇಲೆ 50 ಮಿ.ಮೀ. ಗಾಳಿ ಜಾಗ ಬಿಟ್ಟು, ಎರಡೂ ತುದಿ ತೆರೆದಿಡಬೇಕು. ಇಲ್ಲವಾದರೆ ಬೇಲಿಯಿಂದ 2 ಮೀಟರ್ ಸರಿದು ಕಟ್ಟಿ. ಆಗ ಸೂರಿನಂಚು 2.5ರ ಒಳಗಿದ್ದರೆ ಸಾಕು, ಚಪ್ಪಟೆ ಚಾವಣಿ ಒಟ್ಟು 3 ಮೀಟರಿನವರೆಗೂ ಹೋಗಬಹುದು. ಹಿತ್ತಲು ದೊಡ್ಡದಿದ್ದರೆ ಇದೇ ವಾಸಿ.

ವಿಸ್ತೀರ್ಣಕ್ಕೂ ಲೆಕ್ಕ ಇದೆ. ಒಳಗಿನ ನೆಲ 15 ಚದರ ಮೀಟರ್ ಮೀರದೆ, ಅಲ್ಲಿ ಯಾರೂ ಮಲಗದಿದ್ದರೆ ಬಿಲ್ಡಿಂಗ್ ರೆಗ್ಯುಲೇಷನ್ (ಕಟ್ಟುವ ಗುಣಮಟ್ಟದ ನಿಯಮಗಳು) ಗೊಡವೆ ಇಲ್ಲ, ವಿದ್ಯುತ್ ಕೆಲಸವೊಂದನ್ನು ಬಿಟ್ಟು. ಊರಿನಿಂದ ಅಪ್ಪ-ಅಮ್ಮ ಆರು ತಿಂಗಳಿಗೆ ಬರುತ್ತಾರೆ, ಇಲ್ಲೇ ಮಂಚ ಹಾಕೋಣ ಎಂದುಕೊಂಡಿದ್ದರೆ ಈ ವಿನಾಯಿತಿ ಸಿಗುವುದಿಲ್ಲ.

2. ಶೀಟು ಇಳಿಸುವುದು

ಆ ಕಾಲದ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ಇರುವ ಸಂಭವ ಜಾಸ್ತಿ. ಬ್ರಿಟನ್ನಿನಲ್ಲಿ ಅದು ಪೂರ್ತಿ ನಿಷೇಧವಾದದ್ದು 1999ರಲ್ಲಿ. ಅನುಮಾನವಿದ್ದರೆ ಲ್ಯಾಬ್ ಪರೀಕ್ಷೆ ಮಾಡಿಸಿ. ಇದೆ ಎಂದಾದರೆ ಪರಿಣತರಿಗೆ ಬಿಡುವುದೇ ಒಳ್ಳೆಯದು. ಶೀಟನ್ನು ನೆನೆಸಿ, ಒಡೆಯದೆ ಇಡಿಯಾಗಿ ಇಳಿಸಿ, ದಪ್ಪ ಪಾಲಿಥೀನಿನಲ್ಲಿ ಎರಡು ಸುತ್ತು ಸುತ್ತಿ, ಕೌನ್ಸಿಲ್ ಹೇಳಿದ ಜಾಗಕ್ಕೆ ಒಯ್ಯಬೇಕು. ಡ್ರಿಲ್, ಗರಗಸ, ಪ್ರೆಷರ್ ವಾಷರ್ ಯಾವುದೂ ತಾಗಬಾರದು. ಸುಮ್ನೆ ಸ್ಕಿಪ್ಪಿಗೆ (ಬಾಡಿಗೆಗೆ ತರುವ ದೊಡ್ಡ ಕಸದ ತೊಟ್ಟಿ) ಎಸೆಯುವಂತೆಯೂ ಇಲ್ಲ.

ಚಾವಣಿ ಹೋದ ಮೇಲೆ ಕಾಂಕ್ರೀಟ್ ಹಲಗೆಗಳಿಗೆ ಆಸರೆ ಕಮ್ಮಿ. ಒತ್ತು ಕೊಟ್ಟುಕೊಂಡು, ಒಂದೊಂದಾಗಿ ಬೋಲ್ಟ್ ಬಿಚ್ಚಿ.

3. ಹಳೇ ನೆಲ

ಬಿರುಕು, ಕುಸಿತ ಇಲ್ಲದಿದ್ದರೆ ಅದೇ ಕಾಂಕ್ರೀಟು ಸಾಕು. ಅದರಡಿಯಲ್ಲಿ ತೇವ ತಡೆಯುವ ಹಾಳೆ ಇರುವುದು ಅಪರೂಪ. ಮೇಲೊಂದು ದಪ್ಪ ಪಾಲಿಥೀನ್ ಹಾಸಿಯೇ ಮುಂದುವರಿಯಿರಿ. ಗೋಡೆಯಡಿಗೆ ಇಟ್ಟಿಗೆಯ ಸಾಲು, ಅದರ ಮೇಲೆ ತೇವ ತಡೆಯುವ ಪಟ್ಟಿ, ಆಮೇಲೆ ಮರ. ಮರ ಹೊರಗಿನ ಮಣ್ಣಿಗಿಂತ 150 ಮಿ.ಮೀ. ಮೇಲಿರಲಿ.

ತುಂಬಾ ಜನ ಮರೆಯುವ ಸಂಗತಿ: ನೆಲದ ಕಾಂಕ್ರೀಟು ಗೋಡೆಯಿಂದಾಚೆ ಚಾಚಿಕೊಂಡಿರಬಾರದು. ಚಾಚಿದ್ದರೆ ಮಳೆ ನೀರು ಅದರ ಮೇಲೆ ಬಿದ್ದು ಗೋಡೆಯಡಿಗೇ ನುಗ್ಗುತ್ತದೆ. ಗೋಡೆಯ ಹೊರ ಹಲಗೆ ಕಾಂಕ್ರೀಟಿನ ಅಂಚಿಗಿಂತ ಹೊರಗಿರುವಂತೆ ಅಳತೆ ಮಾಡಿ.

4. ಗೋಡೆಯ ಪದರಗಳು

ಸುಮಾರು 100 ಮಿ.ಮೀ. ಅಗಲದ ಮರದ ಕಂಬಗಳನ್ನು 600 ಅಥವಾ 400 ಮಿ.ಮೀ.ಗೊಂದರಂತೆ ನಿಲ್ಲಿಸುತ್ತಾರೆ. ಹೊರಗಿನ ಓಎಸ್‌ಬಿ (ಮರದ ಚೂರು ಒತ್ತಿ ಅಂಟಿಸಿದ) ಹಲಗೆ 1200 ಮತ್ತು 1220 ಮಿ.ಮೀ., ಎರಡು ಅಗಲದಲ್ಲೂ ಸಿಗುತ್ತದೆ. ಯಾವುದು ಬರುತ್ತದೆ ಎಂದು ನೋಡಿಯೇ ಕಂಬ ಗುರುತು ಮಾಡಿ. ಇಲ್ಲದಿದ್ದರೆ ಹಲಗೆಯ ಅಂಚು ಕಂಬದ ಮೇಲೆ ಕೂರುವುದೇ ಇಲ್ಲ.

ಕರ್ನಾಟಕದಲ್ಲಿ ಬೆಳೆದವರಿಗೆ ಮುಂದಿನದು ಹೊಸದು. ಇಲ್ಲಿನ ಚಳಿಗಾಲದಲ್ಲಿ ಒಳಗಿನ ಗಾಳಿ ಬೆಚ್ಚಗಿದ್ದು, ನಮ್ಮ ಉಸಿರಿನ ತೇವವನ್ನೆಲ್ಲ ಹಿಡಿದಿಟ್ಟುಕೊಂಡಿರುತ್ತದೆ. ಅದು ಗೋಡೆಯೊಳಗೆ ನುಸುಳಿ ತಣ್ಣಗಿನ ಹಲಗೆಗೆ ತಾಗಿದರೆ, ಫ್ರಿಜ್‌ನಿಂದ ತೆಗೆದ ಬಾಟಲಿಯ ಮೇಲಿನಂತೆ ಹನಿಗಟ್ಟುತ್ತದೆ. ಒಳಗೊಳಗೇ ಮರ ಕೊಳೆಯುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಒಳಬದಿಯಲ್ಲಿ ಆವಿ ತಡೆಯುವ ಹಾಳೆ, ಹೊರಬದಿಯಲ್ಲಿ ನೀರು ತಡೆದು ಆವಿ ಬಿಡುವ ಹಾಳೆ. ಅದಲುಬದಲಾದರೆ ಗೋಡೆ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಒಳಗಿನಿಂದ ಹೊರಕ್ಕೆ ಹೇಳುವುದಾದರೆ: ಪ್ಲಾಸ್ಟರ್‌ಬೋರ್ಡ್ (ಜಿಪ್ಸಂ ಹಲಗೆ), ಆವಿ ತಡೆಯುವ ಹಾಳೆ, ಕಂಬಗಳ ನಡುವೆ ಇನ್ಸುಲೇಷನ್, ಓಎಸ್‌ಬಿ, ಆವಿ ಬಿಡುವ ಹಾಳೆ, 25 ಮಿ.ಮೀ. ರೀಪು, ಕೊನೆಗೆ ಲಾರ್ಚ್ ಅಥವಾ ಸೀಡರ್ ಹಲಗೆ. ರೀಪು ಬಿಟ್ಟ ಸಂದು ಕೆಳಗೂ ಮೇಲೂ ತೆರೆದಿರಲಿ, ಹುಳ ಬರದಂತೆ ಜಾಲರಿ ಹೊಡೆಯಿರಿ. ಇನ್ಸುಲೇಷನ್ನಿಗೆ ಗಟ್ಟಿ ಫೋಮ್ ಬೋರ್ಡ್ ದುಬಾರಿ, ಆದರೆ ಅದೇ ದಪ್ಪದ ಖನಿಜ ಉಣ್ಣೆಗಿಂತ (ಕಲ್ಲು, ಗಾಜಿನ ನಾರಿನ ಹಾಸು) ಜಾಸ್ತಿ ಬೆಚ್ಚಗಿಡುತ್ತದೆ. ಬೋರ್ಡು ಮತ್ತು ಕಂಬದ ನಡುವೆ ಸಂದು ಬಿಟ್ಟರೆ ಆ ದುಡ್ಡು ದಂಡ. ಫೋಮ್ ತುಂಬಿ, ಟೇಪ್ ಹಚ್ಚಿ.

5. ಚಾವಣಿ, ಕರೆಂಟು

ಚಾವಣಿಗೆ ಇಪಿಡಿಎಂ ರಬ್ಬರ್ ಹಾಳೆ ಸುಲಭ. ಚಿಕ್ಕ ಕೋಣೆಗೆ ಜೋಡಣೆಯಿಲ್ಲದ ಒಂದೇ ತುಂಡು ಸಿಗುತ್ತದೆ. ಜೋಡಣೆ ಇಲ್ಲ ಅಂದರೆ ಸೋರುವ ಭಯವೂ ಕಮ್ಮಿ.

ಕರೆಂಟಿನಲ್ಲಿ ಮಾತ್ರ ಸ್ವಂತ ಪ್ರಯೋಗ ಬೇಡ. ಮನೆಯಿಂದ ಕೋಣೆಗೆ ಉಕ್ಕಿನ ಕವಚದ ಕೇಬಲ್ ನೆಲದಡಿಯಲ್ಲಿ ಬರಬೇಕು. ಒಳಗೆ ಪ್ಲಾಸ್ಟರ್‌ಬೋರ್ಡ್ ಹೊಡೆಯುವ ಮೊದಲೇ ವೈರಿಂಗ್ ಮುಗಿದಿರಲಿ. ನೋಂದಾಯಿತ ಎಲೆಕ್ಟ್ರಿಷಿಯನ್ ಕೆಲಸ ಮುಗಿಸಿ ಕೊಡುವ ಸರ್ಟಿಫಿಕೇಟ್ ಜೋಪಾನವಾಗಿಡಿ. ಮುಂದೆ ಮನೆ ಮಾರುವಾಗ ಕೊಳ್ಳುವವರ ವಕೀಲರು ಅದನ್ನು ಕೇಳಿಯೇ ಕೇಳುತ್ತಾರೆ.